ಮಳೆ ಬಂದರೆ ಕಾವಲು ಮುಗಿಯಿತೇ?

ಬೇಸಿಗೆಯಲ್ಲಿ ಸಕಲೇಶಪುರ–ಆಲೂರು ಭಾಗದ ಹುಡುಗರಿಗೆ ಕಾಡಿನ ಬೆಂಕಿ ಕಾಯುವ ದಿನಗೂಲಿ ಸಿಗುತ್ತದೆ. ಮಳೆ ಹಿಡಿದರೆ ಕೆಲಸ ಮುಗಿಯಿತು. ನನ್ನ ಜೊತೆಗಾರರು ಬೆಂಗಳೂರಿನ ಬಸ್ಸು ಹತ್ತುತ್ತಾರೆ.

ಆದರೆ ಆನೆಗೆ ಋತುಗಳ ಹಂಗಿಲ್ಲ. 2013–14ರಲ್ಲಿ ಆಲೂರು ಸುತ್ತಮುತ್ತ 22 ಆನೆಗಳನ್ನು ಹಿಡಿದು ಸಾಗಿಸಿದರೂ ಗದ್ದೆ, ತೋಟಗಳಲ್ಲಿ ಸಾವುನೋವು ನಿಂತಿಲ್ಲ. ಹಿಂಡು ಎಲ್ಲಿದೆ ಎಂದು ಕೂಲಿಯವರಿಗೆ ಮುಂಜಾನೆಯೇ ತಿಳಿಸುವವರು ವರ್ಷವಿಡೀ ಬೇಕು.

2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಗೂ ಜೀವವೈವಿಧ್ಯ ಸಮಿತಿ ಇರಬೇಕು, ಊರಿನ ಗಿಡಮರ, ಪ್ರಾಣಿಪಕ್ಷಿಗಳ ದಾಖಲಾತಿ ಆಗಬೇಕು. ಈ ಕೆಲಸಕ್ಕೆ ಪದವಿ ವಿದ್ಯಾರ್ಥಿಗಳಾದ ನಮ್ಮನ್ನು ರಜೆಯಲ್ಲಿ ಗೌರವಧನ ಕೊಟ್ಟು ಬಳಸಿಕೊಳ್ಳಲಿ. ಕಾವಲಿನವರಿಗೆ ವರ್ಷಪೂರ್ತಿ ಸಂಬಳ, ವಿಮೆ ಸಿಗಲಿ. ಹಳ್ಳ, ಕಾಲುದಾರಿ ಬಲ್ಲವರು ಊರು ಬಿಟ್ಟ ಮೇಲೆ ಕಾಡು ಕಾಯಲು ಯಾರನ್ನು ಹುಡುಕುತ್ತೀರಿ?