ಕೈಹಿಡಿದು ನಡೆಸುವುದೊಂದೇ ಶಿಕ್ಷಣವೇ?

ಮೊಮ್ಮಗನು 'ಲೆಮಿಂಗ್ಸ್' ಎಂಬ ಹಳೆಯ ಗಣಕಯಂತ್ರದ ಆಟವನ್ನಾಡುತ್ತಿದ್ದಾಗ ಕಾಲಹರಣವೆಂದು ಗದರಿದವನು ನಾನೇ. ಆ ಮಾತನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ.

ಸ್ಕಾಟ್ಲೆಂಡಿನ ಡಂಡೀ ನಗರದ ಡಿಎಂಎ ಡಿಸೈನ್ ಸಂಸ್ಥೆ ರೂಪಿಸಿದ ಈ ಆಟ 1991ರಲ್ಲಿ ಬಂದಿತು. ಇದರಲ್ಲಿ ಪುಟ್ಟ ಜೀವಿಗಳು ತಮ್ಮಷ್ಟಕ್ಕೆ ತಾವೇ ನಡೆಯುತ್ತವೆ. ಪ್ರಪಾತ ಬಂದರೂ ನಿಲ್ಲವು. ಆಡುವವನು ಅವುಗಳನ್ನು ಕೈಹಿಡಿದು ನಡೆಸಲಾರ. ಒಂದಕ್ಕೆ ಸೇತುವೆ ಕಟ್ಟುವ, ಇನ್ನೊಂದಕ್ಕೆ ನೆಲ ಅಗೆಯುವ, ಮತ್ತೊಂದಕ್ಕೆ ಅಡ್ಡನಿಂತು ತಡೆಯುವ ಕೌಶಲವನ್ನು ಸಮಯವರಿತು ಕೊಡಬಹುದು, ಅಷ್ಟೆ. ಅಂತಹ ಕೌಶಲಗಳು ಎಂಟು; ಅವೂ ಎಣಿಸಿಟ್ಟಷ್ಟೇ.

ಈಗ ತಂದೆತಾಯಂದಿರಾಗಿರುವ ನನ್ನ ವಿದ್ಯಾರ್ಥಿಗಳೇ, ಮಲ್ಲತ್ತಹಳ್ಳಿಯ ನಮ್ಮ ಬೀದಿಯಲ್ಲಿ ಸಂಜೆ ಮಕ್ಕಳೇ ಕಾಣುವುದಿಲ್ಲ, ಎಲ್ಲರೂ ಟ್ಯೂಷನ್ನಿನಲ್ಲಿ. ಪ್ರತಿ ಹೆಜ್ಜೆಯನ್ನೂ ನೀವೇ ಇಡಿಸಿದರೆ ಅವರು ಸೇತುವೆ ಕಟ್ಟಲು ಕಲಿಯುವುದೆಂದು? ಉತ್ತರಗಳನ್ನು ಬರೆಸಿ ಕಂಠಪಾಠ ಮಾಡಿಸಿದ ಮೇಷ್ಟರು ನಾನು; ತಪ್ಪು ನನ್ನದೂ ಹೌದು. ನೀವಾದರೂ ಅದನ್ನು ಮುಂದುವರಿಸಬೇಡಿ.