ಬೆರಕೆ ಮಾಲಿಗೆ ಬೆಲೆಯಿಲ್ಲ

ಸುಗ್ಗಿಯ ದಿನಗಳಲ್ಲಿ ಬ್ಯಾಡಗಿಗೆ ಹೋದವರು ಮೆಣಸಿನಕಾಯಿಯ ಕೆಂಪು ರಾಶಿಗಳ ನಡುವೆ ಕುಳಿತು ತೊಟ್ಟು ಬಿಡಿಸುವ, ಬಿಳಿಚಿದ ಕಾಯಿಯನ್ನು ಬೇರೆ ಹಾಕುವ ಹೆಂಗಸರನ್ನು ಕಂಡಿರುತ್ತಾರೆ. ಆ ಊರಿನಲ್ಲಿ ದರ ನಿಲ್ಲುವುದೇ ಈ ವಿಂಗಡಣೆಯ ಮೇಲೆ. ರಾಣೆಬೆನ್ನೂರಿನ ಸುತ್ತ ಹೈಬ್ರಿಡ್ ಬೀಜ ಬೆಳೆಯುವ ರೈತರಿಗೂ ಈ ಪಾಠ ಹೊಸದಲ್ಲ. ಶುದ್ಧತೆಯ ಪರೀಕ್ಷೆಯಲ್ಲಿ ಬೆರಕೆ ಕಂಡರೆ ಹಂಗಾಮಿನ ದುಡಿಮೆಯೇ ತಿರಸ್ಕೃತವಾಗುತ್ತದೆ. ಇಷ್ಟನ್ನು ಬಲ್ಲ ಸೀಮೆಯಲ್ಲಿ ಮನೆಯ ಕಸ ಮಾತ್ರ ಬೆರಕೆಯಾಗಿಯೇ ಊರಾಚೆ ಸೇರುವುದು ವಿಪರ್ಯಾಸವಲ್ಲದೆ ಮತ್ತೇನು?

ಕಾನೂನಿನ ಕೊರತೆಯೆನ್ನುವಂತಿಲ್ಲ. 2000ದ ಘನತ್ಯಾಜ್ಯ ನಿಯಮಗಳು ಮನೆಮನೆಯ ಸಂಗ್ರಹವನ್ನು ಸ್ಥಳೀಯ ಸಂಸ್ಥೆಗಳ ಹೊಣೆಯಾಗಿಸಿ, ಸಂಸ್ಕರಣಾ ಘಟಕಗಳಿಗೆ 2003ರ ಡಿಸೆಂಬರ್ ಅಂತ್ಯದ ಗಡುವು ವಿಧಿಸಿದ್ದವು. 2016ರ ನಿಯಮಗಳು ಹಸಿ, ಒಣ, ಅಪಾಯಕಾರಿ ಎಂಬ ಮೂರು ಬಗೆಯ ವಿಂಗಡಣೆಯನ್ನು ಮನೆಯವರ ಕರ್ತವ್ಯವಾಗಿಸಿದವು. ಹಾವೇರಿ, ರಾಣೆಬೆನ್ನೂರಿನ ನಗರಸಭೆಗಳಿಗೂ ಬ್ಯಾಡಗಿಯ ಪುರಸಭೆಗೂ ಇವು ಸಮಾನವಾಗಿಯೇ ಅನ್ವಯಿಸಿದವು.

ದೋಷವಿರುವುದು ಗಾಡಿಯಲ್ಲಿ. ಗೃಹಿಣಿ ಎರಡು ಬುಟ್ಟಿಗಳಲ್ಲಿ ಬೇರ್ಪಡಿಸಿ ತಂದದ್ದು ಒಂದೇ ತೊಟ್ಟಿಗೆ ಬೀಳುವುದು ಸಣ್ಣ ಪಟ್ಟಣಗಳಲ್ಲಿ ಎಲ್ಲರಿಗೂ ಪರಿಚಿತ ದೃಶ್ಯ. ಒಮ್ಮೆ ಹಾಗೆ ಕಂಡವಳು ಮರುದಿನ ಏಕೆ ಬೇರ್ಪಡಿಸಬೇಕು? ಸಾರು ಸೋಕಿದ ಕಾಗದವನ್ನು ಗುಜರಿಯವರು ಮುಟ್ಟುವುದಿಲ್ಲ; ಗಾಜಿನ ಚೂರು ಬೆರೆತ ಗೊಬ್ಬರವನ್ನು ರೈತರು ಒಯ್ಯುವುದಿಲ್ಲ. ಆಮೇಲೆ ಜನರಿಗೆ ಅರಿವಿಲ್ಲವೆಂಬ ಆಕ್ಷೇಪ, ಗೋಡೆಗಳ ಮೇಲೆ ಘೋಷಣೆ! ಅರಿವು ಜನರಲ್ಲಿದೆ, ಗಾಡಿಗೆ ಒಂದು ಅಡ್ಡಹಲಗೆಯಿಲ್ಲ, ಅಷ್ಟೆ.

ನಿಜವಾದ ಮರುಬಳಕೆ ನಡೆದಿರುವುದು ರದ್ದಿ, ಕಬ್ಬಿಣ, ಬಾಟಲಿ ಕೊಳ್ಳುವ ಗುಜರಿ ಗಾಡಿಯವರಿಂದ, ಚಿಂದಿ ಆಯುವವರಿಂದ. ಇವರನ್ನು ವ್ಯವಸ್ಥೆಯೊಳಗೆ ತರಬೇಕೆಂದು 2016ರ ನಿಯಮಗಳೇ ಹೇಳಿದವು. ಆದರೆ ಗುಟ್ಕಾ, ಶಾಂಪೂ, ಕುರುಕಲು ತಿಂಡಿಗಳ ಪೊಟ್ಟಣ ಅವರಿಗೂ ಬೇಡ. ಪ್ಲಾಸ್ಟಿಕ್ಕಿನೊಡನೆ ಲೋಹದ ತೆಳುಪದರ ಅಂಟಿರುವುದರಿಂದ ಅದನ್ನು ಬಿಡಿಸಿ ಕರಗಿಸುವುದು ದುಸ್ತರ. ಬೆಲೆಯಿಲ್ಲದ ಈ ವಸ್ತುವನ್ನು ಸಂಗ್ರಹಿಸುವುದೇ ನಗರಸಭೆಯ ವಿಶೇಷ ಹೊಣೆ. ಅದೇ ಇಂದು ಚರಂಡಿ ಸೇರುತ್ತದೆ, ಇಲ್ಲವೆ ರಸ್ತೆ ಬದಿಯಲ್ಲಿ ಸುಡಲ್ಪಡುತ್ತದೆ.

ಇದು ಬಯಲುಸೀಮೆಯವರ ತಾಪತ್ರಯವೆಂದು ಮಲೆನಾಡಿನವರು ಮುಖ ತಿರುಗಿಸುವಂತಿಲ್ಲ. ಸಾಗರದ ಬಳಿ ಹುಟ್ಟಿದ ವರದೆ ಬನವಾಸಿಯನ್ನು ಹಾದು ಹಾವೇರಿ ಜಿಲ್ಲೆಗಿಳಿದು ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುತ್ತಾಳೆ. ಮೇಲಿನ ಊರುಗಳಲ್ಲಿ ಎಸೆದ ಪೊಟ್ಟಣಕ್ಕೂ ಅದೇ ದಾರಿ.

ಕೋಟಿಗಟ್ಟಲೆ ವೆಚ್ಚದ ಯಂತ್ರಕ್ಕೆ ಕಾಯಬೇಕಾಗಿಲ್ಲ. ವಾರದಲ್ಲಿ ಎರಡು ದಿನ ಒಣ ಕಸಕ್ಕೇ ಮೀಸಲಾಗಲಿ. ಆ ದಿನ ಗಾಡಿ ಬೇರೇನನ್ನೂ ಒಯ್ಯದಿರಲಿ. ನೆರಳಿರುವ ಒಂದು ಶೆಡ್ಡು, ಒಂದು ತಕ್ಕಡಿ, ಪೌರಕಾರ್ಮಿಕರ ಕೈಗೆ ಗವಸು ಒದಗಲಿ. ಎಷ್ಟು ತೂಗಿತು, ಎಷ್ಟಕ್ಕೆ ಮಾರಿತು ಎಂಬುದನ್ನು ತಿಂಗಳಿಗೊಮ್ಮೆ ಕಚೇರಿಯ ಫಲಕದಲ್ಲಿ ಬರೆಯಲಿ. ಊರು ಚಿಕ್ಕದಾದ್ದರಿಂದ ಬ್ಯಾಡಗಿಯೇ ಇದನ್ನು ಮೊದಲು ಆರಂಭಿಸಬಹುದು. ವಿಂಗಡಿಸಬಲ್ಲ ಕೈಗಳು ಅಲ್ಲಿ ಹೇರಳವಾಗಿವೆ. ಆದರೆ ಕಸಕ್ಕೆ ಕೊಡುವ ಕೂಲಿ ಮೆಣಸಿನಕಾಯಿಯ ಕೂಲಿಗಿಂತ ಕಡಿಮೆಯಾಗಕೂಡದು.