ಯುರೋಪಿಗೆ ಹೊರಟ ಚೀಲ ಮತ್ತು ಅಮ್ಮನ ತುಪ್ಪದ ಬಾಟಲಿ

"ಯುರೋಪಿಗೆ ಒಂದು ವಾರ ಹೋಗಿ ಬರ್ತೇನೆ ಮಾರಾಯ, ಏನೆಲ್ಲ ತಗೊಂಡು ಹೋಗ್ಬೇಕು?" ಅಂತ ಗೆಳೆಯರು ಆಗಾಗ ಕೇಳುತ್ತಿರುತ್ತಾರೆ. ಕೇಳುವವರು ಅಷ್ಟರಲ್ಲಿ ಇಂಟರ್ನೆಟ್ಟಿನಲ್ಲಿ ಹತ್ತಾರು ಪಟ್ಟಿ ಓದಿ ಮುಗಿಸಿರುತ್ತಾರೆ. ನಾನೂ ಓದಿದ್ದೆ. ಯಾವ ಋತುವಿಗಾದರೂ ಸರಿ ಅಂತ ಹಣೆಪಟ್ಟಿ ಹಚ್ಚಿಕೊಂಡ ಆ ಪಟ್ಟಿಗಳಲ್ಲಿ ಸ್ಕಾರ್ಫಿನ ಬಣ್ಣದ ಬಗ್ಗೆ ಎರಡು ಪ್ಯಾರಾ ಇರುತ್ತದೆ, ಚೊಂಬಿನ ಬಗ್ಗೆ ಒಂದು ಸಾಲೂ ಇರುವುದಿಲ್ಲ :-)

ನನಗನ್ನಿಸುವುದು ಇಷ್ಟು. ನಾವು ಊರಿನಿಂದ ಹೊರಡುವವರು ಚೀಲ ತುಂಬುವುದು ಹೆದರಿಕೆಯಿಂದ. ಒಂದು ಚಳಿಯ ಹೆದರಿಕೆ, ಇನ್ನೊಂದು ಊಟದ ಹೆದರಿಕೆ. ಇವೆರಡರ ಮಧ್ಯೆ ಬೇಡದ ಹದಿನೈದು ಕೇಜಿ ಹೊತ್ತು, ಬೇಕಾದ ನಾಲ್ಕು ಸಾಮಾನು ಮನೆಯಲ್ಲೇ ಬಿಟ್ಟು ವಿಮಾನ ಹತ್ತುತ್ತೇವೆ. ಇದನ್ನು ನಾನು ಕಲಿತದ್ದು ಸ್ವಲ್ಪ ದುಬಾರಿಯಾಗಿಯೇ.

ಮೊದಲ ಸಲ ಹೋದದ್ದು ಒಂದು ಜನವರಿಯಲ್ಲಿ, ಆಫೀಸಿನ ಕೆಲಸಕ್ಕೆ ಜರ್ಮನಿಗೆ. ಅಲ್ಲಿಂದ ಮೂರು ದಿನ ರಜೆ ಹೊಂದಿಸಿಕೊಂಡು ಆಮ್‌ಸ್ಟರ್‌ಡ್ಯಾಮ್ ನೋಡಿ ಬರುವ ಯೋಚನೆ. ಹಿಮ, ಮೈನಸ್ ಡಿಗ್ರಿ ಅಂತೆಲ್ಲ ಕೇಳಿ ಹೆದರಿ ಬೆಂಗಳೂರಿನಲ್ಲಿ ಒಂದು ಭಾರೀ ಜಾಕೆಟ್ ಕೊಂಡೆ. ನಮ್ಮ ಮನೆಯ ಹಾಸಿಗೆಗಿಂತ ದಪ್ಪ. ಅರ್ಧ ಸೂಟ್‌ಕೇಸು ಅದಕ್ಕೇ ಹೋಯಿತು. ಕಾಲಿಗೆ ಮಾತ್ರ ದಿನಾ ಹಾಕುವ ಕ್ಯಾನ್ವಾಸ್ ಶೂ.

ಅಲ್ಲಿ ಹೋದ ಮೇಲೆ ಗೊತ್ತಾಯಿತು, ಚಳಿ ಇರುವುದು ಬೀದಿಯಲ್ಲಿ ಮಾತ್ರ. ರೈಲು, ಟ್ರಾಮು, ಅಂಗಡಿ, ಮ್ಯೂಸಿಯಂ ಎಲ್ಲ ಒಳಗೆ ಬೆಚ್ಚಗೆ. ಹೊರಗೆ ಹತ್ತು ನಿಮಿಷ ನಡೆದು ಒಳಗೆ ಹೋದರೆ ಆ ಜಾಕೆಟ್ಟಿನೊಳಗೆ ಬೆವರು ಇಳಿಯುತ್ತದೆ. ಬಿಚ್ಚಿದರೆ ಮಗುವನ್ನು ಎತ್ತಿಕೊಂಡ ಹಾಗೆ ಕೈಯಲ್ಲಿ ಹೊತ್ತು ತಿರುಗಬೇಕು. ಅದರ ಬದಲು ಒಂದು ಥರ್ಮಲ್, ಅದರ ಮೇಲೆ ತುಂಬುತೋಳಿನ ಅಂಗಿ, ಒಂದು ಸ್ವೆಟರ್, ಎಲ್ಲದರ ಮೇಲೆ ಗಾಳಿ ಮಳೆ ತಡೆಯುವ ತೆಳು ಜಾಕೆಟ್ ಇದ್ದರೆ ಬೇಕಾದಾಗ ಒಂದೊಂದೇ ಕಳಚಬಹುದು. ಹೀಗೆ ಮಾಡಿದರೆ ಋತುವಿನ ತಲೆಬಿಸಿಯೂ ಮುಕ್ಕಾಲು ಪಾಲು ಕಡಿಮೆ. ಚಳಿಗಾಲಕ್ಕೆ ಟೊಪ್ಪಿ, ಕೈಗವಸು ಸೇರಿಸಿ. ಬೇಸಿಗೆಗೆ ಥರ್ಮಲ್, ಸ್ವೆಟರ್ ತೆಗೆದಿಡಿ. ಮೇಲಿನ ಜಾಕೆಟ್ ಹನ್ನೆರಡು ತಿಂಗಳೂ ಇರಲಿ.

ಬೇಸಿಗೆಯ ಯುರೋಪ್ ಎಂದರೆ ಮಡಿಕೇರಿ ಅಂದುಕೊಳ್ಳಬೇಡಿ ಮತ್ತೆ. 2019ರ ಜುಲೈ 25ರಂದು ಪ್ಯಾರಿಸ್ಸಿನಲ್ಲಿ 42.6 ಡಿಗ್ರಿ ಸೆಕೆ ಇತ್ತು. ಅಲ್ಲಿನ ಎಷ್ಟೋ ಮನೆ, ಹಳೆಯ ಹೋಟೆಲುಗಳಲ್ಲಿ ಎಸಿ ಬಿಡಿ, ಫ್ಯಾನೂ ಇರುವುದಿಲ್ಲ. ತೆಳು ಹತ್ತಿ ಬಟ್ಟೆ ನಮಗೆ ಅಭ್ಯಾಸವೇ ಇದೆಯಲ್ಲ, ಅದೇ ಸಾಕು.

ಮಳೆಯದ್ದು ಬೇರೆಯೇ ಕಥೆ. ನಾನು ನಾರಾವಿಯವನು. ಕುದುರೆಮುಖದ ಬುಡದ ಊರು, ಜೂನಿನಿಂದ ಸೆಪ್ಟೆಂಬರ್ ತನಕ ಆಕಾಶ ತೂತಾದ ಹಾಗೆ ಸುರಿಯುತ್ತದೆ. ದಕ್ಷಿಣ ಕನ್ನಡದ ವರ್ಷದ ಸರಾಸರಿ ಮಳೆ ಸುಮಾರು 3,900 ಮಿಲಿಮೀಟರ್. ಆಮ್‌ಸ್ಟರ್‌ಡ್ಯಾಮಿನದ್ದು 850ರ ಆಸುಪಾಸು. ಇಷ್ಟು ಮಳೆಗೆ ನಾನು ಹೆದರುವುದಾ ಅಂತ ಊರಿನ ಕೊಡೆ ಹಿಡಿದು ಗತ್ತಿನಲ್ಲಿ ಹೊರಟೆ. ನಮ್ಮಲ್ಲಿ ಮಳೆ ಜೋರು, ಆದರೆ ಸೆಕೆಯ ಮಳೆ. ಚಪ್ಪಲಿ ಹಾಕಿ ಕೆಸರಿನಲ್ಲಿ ಪಚಪಚ ನಡೆದು ಮನೆಗೆ ಬಂದು ಕಾಲು ಒರೆಸಿಕೊಂಡರೆ ಆಯ್ತು. ಅಲ್ಲಿ ಜಿರಿಜಿರಿ ಮಳೆ, ಜೊತೆಗೆ ಸಮುದ್ರದ ಗಾಳಿ. ಮೊದಲ ಕಾಲುವೆ ದಾಟುವಷ್ಟರಲ್ಲಿ ಕೊಡೆ ತಾವರೆಯ ಹಾಗೆ ಮೇಲ್ಮುಖವಾಗಿ ಅರಳಿತು. ಕ್ಯಾನ್ವಾಸ್ ಶೂ ಒದ್ದೆಯಾದದ್ದು ಮೂರು ದಿನವೂ ಒಣಗಲಿಲ್ಲ. ಎರಡು ಡಿಗ್ರಿ ಚಳಿಯಲ್ಲಿ ಕಾಲ್ಬೆರಳು ಒದ್ದೆಯಾಗಿದ್ದರೆ ಮೈಮೇಲಿನ ಜಾಕೆಟ್ ಎಷ್ಟು ಸಾವಿರದ್ದಾದರೂ ಒಂದೇ. ಅದಕ್ಕೇ ಹೇಳುವುದು, ದುಡ್ಡು ಹಾಕುವುದಿದ್ದರೆ ಶೂಗೆ ಹಾಕಿ. ನೀರು ಇಳಿಯದ ಶೂ ಒಂದು ಜೊತೆ, ಉಣ್ಣೆಯ ಕಾಲುಚೀಲ ಮೂರು ಜೊತೆ. ಹೊಸ ಶೂವನ್ನು ಹೊರಡುವ ಮೊದಲು ಎರಡು ವಾರ ಇಲ್ಲೇ ಹಾಕಿ ಪಳಗಿಸಿ. ಅಲ್ಲಿಯ ಹಳೆಪೇಟೆಗಳಲ್ಲಿ ಕಲ್ಲು ಹಾಸಿದ ಬೀದಿ, ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ನಡಿಗೆ ಗ್ಯಾರಂಟಿ.

ಈಗ ತುಪ್ಪದ ವಿಷಯ.

ಆ ಮೊದಲ ಸಲ ಅಮ್ಮ ಒಂದು ಬಾಟಲಿ ತುಪ್ಪ ಕೊಟ್ಟಿದ್ದಳು. ಮನೆಯ ದನದ ಹಾಲು, ವಾರಗಟ್ಟಲೆ ಕೆನೆ ಕೂಡಿಸಿ ಕಾಸಿದ್ದು. ಅಂಗಿಗಳ ಮಧ್ಯೆ ಸುತ್ತಿ, ಪ್ಲಾಸ್ಟಿಕ್ ತೊಟ್ಟೆ ಎರಡು ಕಟ್ಟಿ ಒಳಗಿಟ್ಟಿದ್ದಳು. ಇಳಿದ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನವರು ಚೀಲ ತೆರೆಸಿದರು. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಬರುವವರು ಮಾಂಸ, ಹಾಲು ಮತ್ತು ಹಾಲಿನಿಂದ ಮಾಡಿದ್ದನ್ನು ಸ್ವಂತಕ್ಕೆಂದೂ ತರುವ ಹಾಗಿಲ್ಲ. ಮಗುವಿನ ಹಾಲಿನ ಪುಡಿಯಂಥ ಕೆಲವಕ್ಕೆ ಮಾತ್ರ ವಿನಾಯಿತಿ. ತುಪ್ಪ, ಪೇಡ, ಖೋವಾದ ಸಿಹಿ, ಯಾವುದೂ ಇಲ್ಲ. ದನಕರುಗಳ ಕಾಲುಬಾಯಿ ಜ್ವರದಂಥ ರೋಗ ಆಹಾರದ ಮೂಲಕ ಬಂದೀತು ಅಂತ ಈ ನಿಯಮ. ದನ ಸಾಕುವ ಮನೆಯವನಾಗಿ ನನಗೆ ಅದು ತಪ್ಪೆಂದು ಹೇಳಲಾಗುವುದಿಲ್ಲ. ಓದದೆ ಬಂದದ್ದು ನನ್ನದೇ ತಪ್ಪು. ಆದರೂ ಅವರು ಆ ಬಾಟಲಿಯನ್ನು ಒಂದು ಡಬ್ಬಕ್ಕೆ ಹಾಕಿದಾಗ ಬಂದ ಸದ್ದು ಇನ್ನೂ ಕಿವಿಯಲ್ಲಿ ಉಂಟು.

ಆ ರಾತ್ರಿ ಫೋನಿನಲ್ಲಿ ಅಮ್ಮ ಕೇಳಿದಳು, "ತುಪ್ಪ ಹಾಕಿಕೊಂಡಿಯಾ ಅನ್ನಕ್ಕೆ?"

"ಹಾಕಿಕೊಂಡೆ ಅಮ್ಮ, ಘಮ್ಮಂತ ಇತ್ತು" ಅಂದೆ.

ಹೋದ ಅಕ್ಟೋಬರಿನಲ್ಲಿ ಅಮ್ಮನನ್ನೇ ಕರೆದುಕೊಂಡು ವಿಯೆನ್ನಾ, ಪ್ರಾಗ್ ನೋಡಲು ಹೊರಟೆ. ದನ ಮತ್ತು ತೋಟ ಬಿಟ್ಟು ಅಪ್ಪ ಬರುವವರಲ್ಲ. ಚೀಲ ತುಂಬಲು ಊರಿಗೆ ಹೋದರೆ ಮೊದಲು ಕಂಡದ್ದೇ ಆ ತುಪ್ಪದ ಬಾಟಲಿ, ಈ ಸಲ ಇನ್ನೂ ದೊಡ್ಡದು! "ನಿನಗೆ ಹೋದ ಸಲ ಅಷ್ಟು ಇಷ್ಟ ಆಯ್ತಲ್ಲ" ಅಂದಳು. ಹೇಳದೆ ಬೇರೆ ದಾರಿಯೇ ಇರಲಿಲ್ಲ. ಹೇಳಿದೆ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದ್ದು ಒಂದೇ. "ಅವರು ಅದನ್ನು ತಿಂದರಾ, ಚೆಲ್ಲಿದರಾ?"

ತಿಂದಿರಬಹುದು ಅನ್ನಲು ಬಾಯಿ ಬಂದಿತ್ತು. ಚೆಲ್ಲಿದರು ಅಂದೆ.

ಆಮೇಲೆ ಇಬ್ಬರೂ ಕೂತು ನಿಯಮ ಓದಿದೆವು. 2019ರ ಡಿಸೆಂಬರ್ 14ರಿಂದ ಅಲ್ಲಿಗೆ ಹಣ್ಣು, ತರಕಾರಿ, ಸೊಪ್ಪು ಒಯ್ಯಬೇಕಾದರೆ ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಬೇಕು. ಹಾಗಾಗಿ ಕರಿಬೇವು ಇಲ್ಲ, ವೀಳ್ಯದೆಲೆ ಇಲ್ಲ, ಮಾವಿನಹಣ್ಣು ಇಲ್ಲ. ವಿನಾಯಿತಿ ಇರುವುದು ಐದು ಹಣ್ಣಿಗೆ ಮಾತ್ರ: ಬಾಳೆ, ತೆಂಗು, ಅನಾನಸು, ಖರ್ಜೂರ, ಡುರಿಯನ್. ಅಮ್ಮನ ಮುಖ ಅರಳಿತು. "ಬಾಳೆಹಣ್ಣು, ತೆಂಗಿನಕಾಯಿ ಬಿಡ್ತಾರಾ? ಹಾಗಾದ್ರೆ ಹಣ್ಣುಕಾಯಿಗೆ ತೊಂದರೆ ಇಲ್ಲ ಮಾರಾಯ!" :-) (ಒಣ ಕೊಬ್ಬರಿ ಮಾತ್ರ ಒಯ್ಯಬೇಡಿ. ಎಣ್ಣೆಯ ಅಂಶದಿಂದ ತಾನಾಗಿ ಬೆಂಕಿ ಹತ್ತಬಹುದಾದ ಸರಕಿನ ಪಟ್ಟಿಯಲ್ಲಿ ಅದು ಇದೆ, ವಿಮಾನದವರು ತೆಗೆಸುತ್ತಾರೆ.)

ಕೊನೆಗೆ ಊಟದ್ದು ಅಂತ ಒಯ್ದದ್ದು ಎರಡು ಕೇಜಿಯೂ ಇಲ್ಲ. ಅವಲಕ್ಕಿ, ಚಟ್ನಿಪುಡಿ, ಮಿಡಿ ಉಪ್ಪಿನಕಾಯಿಯ ಒಂದು ಸಣ್ಣ ಡಬ್ಬಿ. ಉಪ್ಪಿನಕಾಯಿ ಚೆಕ್-ಇನ್ ಚೀಲದಲ್ಲಿರಲಿ, ಕೈಚೀಲದಲ್ಲಿದ್ದರೆ ಅದೂ ದ್ರವದ ಲೆಕ್ಕ. 2006ರಿಂದ ಬಂದ 100 ಮಿಲಿಲೀಟರಿನ ನಿಯಮ ಕೆಲವು ನಿಲ್ದಾಣಗಳಲ್ಲಿ ಹೊಸ ಸ್ಕ್ಯಾನರಿನಿಂದಾಗಿ ಸಡಿಲವಾಗಿದ್ದರೂ ನಂಬಿ ಕೂರಬೇಡಿ. ಪವರ್ ಬ್ಯಾಂಕ್ ಮಾತ್ರ ಇದರ ತದ್ವಿರುದ್ಧ, ಕೈಚೀಲದಲ್ಲೇ ಇರಬೇಕು. ವಿಯೆನ್ನಾದಲ್ಲಿ ಭಾನುವಾರ ಅಂಗಡಿಗಳು ಬಹುಪಾಲು ಮುಚ್ಚಿರುತ್ತವೆ, ಆ ದಿನ ಅವಲಕ್ಕಿ ನಮ್ಮನ್ನು ಕಾಪಾಡಿತು.

ಬಟ್ಟೆಯ ವಿಷಯದಲ್ಲಿ ಒಂದು ಮಾತು ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ನಮ್ಮವರು ಅಮ್ಮಂದಿರನ್ನು ವಿದೇಶಕ್ಕೆ ಕರೆದೊಯ್ಯುವಾಗ ಮೊದಲು ಮಾಡುವ ಕೆಲಸ ಅವರ ಸೀರೆ ಬಿಡಿಸುವುದು. "ಅಲ್ಲಿ ಸೀರೆ ಆಗುವುದಿಲ್ಲಮ್ಮ" ಅಂತ ಜೀನ್ಸ್ ತೊಡಿಸಿ, ಫೋಟೋದಲ್ಲಿ ಅವರು ಯಾರದೋ ಬಟ್ಟೆಯೊಳಗೆ ಮುದುಡಿ ನಿಂತಿರುತ್ತಾರೆ. ಸೀರೆ ಯಾಕೆ ಆಗುವುದಿಲ್ಲ? ಒಳಗೆ ಥರ್ಮಲ್ ಪ್ಯಾಂಟು, ಕಾಲಿಗೆ ಉಣ್ಣೆ ಕಾಲುಚೀಲ ಮತ್ತು ಶೂ, ಸೀರೆಯನ್ನು ನಾಲ್ಕು ಬೆರಳು ಮೇಲೆ ಉಡುವುದು, ಮೇಲೆ ಸ್ವೆಟರ್. ಹತ್ತಿಯದ್ದು ಬೇಡ, ಹೋಟೆಲಿನಲ್ಲಿ ಒಣಗುವುದಿಲ್ಲ; ಸಿಂಥೆಟಿಕ್ ಸೀರೆ ರಾತ್ರಿ ಒಗೆದು ಹರವಿದರೆ ಬೆಳಿಗ್ಗೆಗೆ ತಯಾರು. ಅಮ್ಮ ಮೂರು ಸೀರೆಯಲ್ಲಿ ಏಳು ದಿನ ಕಳೆದಳು. ಪ್ರಾಗಿನ ರೈಲು ಹತ್ತುವ ದಿನ ಮಾತ್ರ ಚೂಡಿದಾರ ಹಾಕಿಕೊಂಡಳು, ಅದೂ ನಾನು ಹೇಳಿದ್ದಕ್ಕಲ್ಲ. ಅವಳ ಶಾಲು ಗಾಳಿಗೆ, ರೈಲಿನಲ್ಲಿ ಹೊದೆಯಲಿಕ್ಕೆ, ಚರ್ಚಿನೊಳಗೆ ಭುಜ ಮುಚ್ಚಲಿಕ್ಕೆ, ಎಲ್ಲಕ್ಕೂ ಆಯಿತು. ನಮ್ಮೂರ ಕಡೆ ದೇವಸ್ಥಾನದೊಳಗೆ ಹೋಗುವಾಗ ಗಂಡಸರು ಅಂಗಿ ಕಳಚಬೇಕು, ಅಲ್ಲಿ ಕೆಲವು ಚರ್ಚುಗಳಲ್ಲಿ ತೋಳಿಲ್ಲದ ಅಂಗಿ ಹಾಕಿದವರನ್ನು ಒಳಗೇ ಬಿಡುವುದಿಲ್ಲ!

ಇನ್ನು ಪಟ್ಟಿಗಳು ಹೇಳದ ಸಣ್ಣಪುಟ್ಟವು. ಒಂದು ಪ್ಲಾಸ್ಟಿಕ್ ಚೊಂಬು, ಬಾತ್‌ರೂಮಿನಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ಒಂದು ಬೈರಾಸು. ಖಾಲಿ ಬಾಟಲಿ, ವಿಯೆನ್ನಾದ ನಲ್ಲಿಯಲ್ಲಿ 1873ರಿಂದಲೂ ಆಲ್ಪ್ಸ್ ಬೆಟ್ಟದ ಒರತೆಯ ನೀರು ಬರುತ್ತದೆ, "ನಮ್ಮ ಬಾವಿಯದ್ದರ ಹಾಗೇ ಉಂಟು" ಅಂತ ಅಮ್ಮ ಸರ್ಟಿಫಿಕೇಟ್ ಕೊಟ್ಟಿದ್ದಾಳೆ. ಬಿಪಿ, ಶುಗರಿನ ಮಾತ್ರೆ ದಿನದ ಲೆಕ್ಕಕ್ಕಿಂತ ಒಂದು ವಾರ ಜಾಸ್ತಿ, ಡಾಕ್ಟರ ಚೀಟಿಯ ಸಮೇತ ಕೈಚೀಲದಲ್ಲಿ. ನಮ್ಮ ಫೋನಿನ ಎರಡು ಕಾಲಿನ ಚಾರ್ಜರ್ ಅಲ್ಲಿ ಹಾಗೇ ಹೊಂದುತ್ತದೆ, ಲ್ಯಾಪ್‌ಟಾಪಿನ ಮೂರು ಕಾಲಿನದ್ದಕ್ಕೆ ಅಡಾಪ್ಟರ್ ಬೇಕು. ಷೆಂಗನ್ ವೀಸಾಕ್ಕೆ ಹೇಗೂ 30,000 ಯೂರೋದ ವಿಮೆ ಮಾಡಿಸಿರುತ್ತೀರಿ, ಅದರ ಪ್ರಿಂಟ್ ಒಂದು ಇಟ್ಟುಕೊಳ್ಳಿ. ಮತ್ತೆ ತಲೆಗೆ ಹಾಕುವ ತೆಂಗಿನೆಣ್ಣೆ. ಅದು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಅಮ್ಮ ದಿನಾ ಬೆಳಿಗ್ಗೆ ಬಾಟಲಿಯನ್ನು ಹೀಟರಿನ ಮೇಲೆ ಕೂರಿಸಿ ಕಾಯುತ್ತಿದ್ದಳು.

ಇಬ್ಬರಿಗೂ ಸೇರಿ ಒಂದು ಸೂಟ್‌ಕೇಸು, ಎರಡು ಕೈಚೀಲ. ಪ್ರಾಗಿನ ಹಳೆಯ ಹೋಟೆಲಿನಲ್ಲಿ ಲಿಫ್ಟ್ ಇರಲಿಲ್ಲ, ಮೂರನೇ ಮಹಡಿ. ನಾನು ಸೂಟ್‌ಕೇಸು ಹೊತ್ತು ಏದುಸಿರು ಬಿಡುತ್ತಿದ್ದಾಗ ಹಿಂದಿನಿಂದ ಅಮ್ಮ, "ಆ ತುಪ್ಪ ಇದ್ದಿದ್ದರೆ ಇನ್ನೂ ಭಾರ ಆಗ್ತಿತ್ತಲ್ಲ" ಅಂದಳು. ತಮಾಷೆಗೆ ಹೇಳಿದ್ದೋ, ಇನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾಳೋ ತಿಳಿಯಲಿಲ್ಲ. ಮೊನ್ನೆ ಊರಿಂದ ಹೊರಡುವಾಗ ಬೆಂಗಳೂರಿಗೆ ಒಂದು ಬಾಟಲಿ ಕೊಟ್ಟಳು, ಬಸ್ಸಿನಲ್ಲಿ ಯಾರೂ ಚೀಲ ತೆರೆಸುವುದಿಲ್ಲ ಅಂತ.